ಕೂಡಿ ನುಡಿಸುವ ವಿದ್ಯೆ

1983ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ, ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಪಟ್ಟಣದ ಧ್ವನಿಮುದ್ರಣ ಮಂದಿರವೊಂದರಲ್ಲಿ ಐವರು ಸಂಗೀತಗಾರರು ಕೂಡಿದರು. ಅವರಲ್ಲಿ ನಾಲ್ವರು ಬೆಂಗಳೂರಿನಿಂದ ಹೋದವರು: ಮೃದಂಗದ ಟಿ.ಎ.ಎಸ್. ಮಣಿ, ಅವರ ಪತ್ನಿಯೂ ಗಾಯಕಿಯೂ ಆದ ಆರ್.ಎ. ರಮಾಮಣಿ, ಘಟ ಮೋರ್ಸಿಂಗುಗಳ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್. ಐದನೆಯವರು ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿ, ಜಾಜ್ ಸಂಗೀತದ ಸೇವೆಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ, ಅರುವತ್ತರ ಸಮೀಪಕ್ಕೆ ಬಂದಿದ್ದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ. ಅಂದು ಅವರು ಹಾಡಿ ನುಡಿಸಿದ್ದು ಮ್ಯೂನಿಕ್ ನಗರದ ಇಸಿಎಂ ಸಂಸ್ಥೆಯಿಂದ ‘ಜ್ಯೋತಿ’ ಎಂಬ ಹೆಸರಿನ ಧ್ವನಿಮುದ್ರಿಕೆಯಾಗಿ ಪ್ರಕಟವಾಯಿತು. ಅದರೊಳಗಿನ ರಚನೆಗಳು ರಮಾಮಣಿಯವರವು. ಮೊದಲಿನದು ಕಂಠವೊಂದನ್ನೇ ನಂಬಿದ್ದು, ಕಡೆಯದು ಭಜನೆ. ಕನ್ನಡ ನಾಡಿನ ಸಂಗೀತಗಾರರು ಪರದೇಶದ ಸಂಗೀತದೊಡನೆ ಸರಿಸಮಾನವಾಗಿ ಕುಳಿತು ಮಾತನಾಡಿದ ಪ್ರಸಂಗಗಳಲ್ಲಿ ಇದಕ್ಕಿಂತ ಗಂಭೀರವಾದುದನ್ನು ನಾನು ಕೇಳಿಲ್ಲ. ಆದರೂ ನಮ್ಮಲ್ಲಿ ಇದರ ಹೆಸರು ಬಲ್ಲವರು ವಿರಳ.

ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಲಯವಾದ್ಯಗಳ ಶಾಲೆಯೇ ಈ ಮೇಳದ ತವರು. ಮೃದಂಗವೆಂದರೆ ಹಾಡುವವರ ಎಡಬಲಕ್ಕೆ ಕುಳಿತು ಅನುಸರಿಸುವ ವಾದ್ಯವೆಂದೇ ಜನ ತಿಳಿದಿದ್ದ ಕಾಲದಲ್ಲಿ, ಲಯವಾದ್ಯಗಳೇ ಕೂಡಿ ಒಂದು ಕಚೇರಿಯನ್ನು ನಡೆಸಬಲ್ಲವೆಂಬುದನ್ನು ಅವರು ‘ತಾಳತರಂಗಿಣಿ’ ಎಂಬ ಮೇಳದ ಮೂಲಕ ತೋರಿಸಿಕೊಟ್ಟರು. ಮರಿಯಾನೊ ಅವರೂ ಬರಿಗೈಯಲ್ಲಿ ಬಂದವರಲ್ಲ. ದಕ್ಷಿಣ ಭಾರತಕ್ಕೆ ಬಂದು ನೆಲೆಸಿ ಗುರುಮುಖದಿಂದ ನಾಗಸ್ವರವನ್ನು ಕಲಿತವರು. ಜಾಜ್ ಲೋಕದಲ್ಲಿ ಹೆಸರು ಗಳಿಸಿದ ಮೇಲೆ, ಮತ್ತೊಂದು ನಾಡಿನ ಊದುವ ವಾದ್ಯದ ಮುಂದೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವ ವಿನಯವಿದ್ದುದರಿಂದಲೇ ಅವರ ಸ್ಯಾಕ್ಸೋಫೋನು ರಮಾಮಣಿಯವರ ಕಂಠದ ಬಳಿ ಬಂದಾಗ ಅತಿಥಿಯಂತೆ ಹೊರಗೆ ನಿಲ್ಲದೆ ಒಳಮನೆಗೆ ನಡೆದುಬಂದಿತು.

ನಾಲ್ಕೈದು ಜನ ಮಾತ್ರ ಕೂಡಿ, ಒಂದೊಂದು ವಾದ್ಯಕ್ಕೆ ಒಬ್ಬೊಬ್ಬರೇ ಹೊಣೆಯಾಗಿ, ಕೋಲು ಹಿಡಿದು ನಡೆಸುವ ನಿರ್ದೇಶಕನ ಹಂಗಿಲ್ಲದೆ, ಒಬ್ಬರ ಉಸಿರನ್ನು ಇನ್ನೊಬ್ಬರು ಕಂಡು ನುಡಿಸುವ ಸಂಗೀತಕ್ಕೆ ಯುರೋಪಿನಲ್ಲಿ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಅರಮನೆಯ ಹಜಾರಗಳಲ್ಲಿ, ಗೃಹಸ್ಥರ ಪಡಸಾಲೆಗಳಲ್ಲಿ ಬೆಳೆದ ಈ ಪ್ರಕಾರಕ್ಕೆ ಹದಿನೆಂಟನೆಯ ಶತಮಾನದಲ್ಲಿ ಹೈಡನ್ ಎಂಬ ಆಸ್ಟ್ರಿಯದ ರಚನಕಾರನು ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋಗಳ ಚತುರ್ವಾದ್ಯ ರೂಪವನ್ನು ಗಟ್ಟಿಗೊಳಿಸಿದನು. ಆ ಚತುರ್ವಾದ್ಯವನ್ನು ಕೇಳುವಾಗ ನಾಲ್ವರು ವಿವೇಕಿಗಳ ಸಂಭಾಷಣೆಯನ್ನು ಆಲಿಸಿದಂತಾಗುತ್ತದೆ ಎಂಬ ಅಭಿಪ್ರಾಯವನ್ನು ಜರ್ಮನ್ ಕವಿ ಗಯಟೆ ತನ್ನ ಮಿತ್ರನಿಗೆ ಬರೆದ ಪತ್ರದಲ್ಲಿ ವ್ಯಕ್ತಪಡಿಸಿದ್ದಾನೆ. ನಮ್ಮ ಬೈಠಕ್ಕಿನ ಹಾಡಿಕೆಯೂ ಸ್ವಭಾವದಲ್ಲಿ ಇದೇ ಕುಲದ್ದು. ಗಾಯಕ, ತಬಲಾ, ಪೇಟಿ (ಹಾರ್ಮೋನಿಯಂ) ಅಥವಾ ಸಾರಂಗಿ, ಹಿಂದೆ ತಂಬೂರಿ, ಎದುರಿಗೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ರಸಿಕರು. ತಬಲಜಿ ಒಂದು ಮಾತ್ರೆ ತಡೆದರೆ ಗಾಯಕನ ಹುಬ್ಬು ಅದನ್ನು ಹೇಳುತ್ತದೆ, ಆ ಹುಬ್ಬನ್ನು ಮುಂದಿನ ಸಾಲಿನವರೂ ಕಾಣುತ್ತಾರೆ. ಆದುದರಿಂದ ಕನ್ನಡಿಗನಾದವನು ಇಂದಿನ ಹೊಸ ಕಿರುಮೇಳಗಳ ಕಚೇರಿಯನ್ನು ಕೇಳಹೋಗುವಾಗ ತನಗೆ ಪರಿಚಯವಿಲ್ಲದ ಲೋಕವೊಂದಕ್ಕೆ ಹೋಗುತ್ತಿದ್ದೇನೆಂದು ಅಳುಕಬೇಕಾದ ಕಾರಣವಿಲ್ಲ.

ಈ ಮಾತನ್ನು ನಾನು ಮೆಣಸಗಿಯನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳುತ್ತಿದ್ದೇನೆ. ರೋಣ ತಾಲೂಕಿನ ಈ ಊರು ಮಲಪ್ರಭೆಯ ದಂಡೆಯಲ್ಲಿದೆ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ಎರೆಯ ಹೊಲಗಳ ನಡುವೆ ಉತ್ತರಾಭಿಮುಖವಾಗಿ ಹರಿದುಬರುವ ಬೆಣ್ಣಿಹಳ್ಳವು ಹೊಳೆಯನ್ನು ಕೂಡುವುದು ಇದರ ಸಮೀಪದಲ್ಲಿಯೇ. ಬಿಳಿಜೋಳ, ಕಡಲೆ, ಕುಸುಬಿಗಳ ಈ ನಾಡಿನಲ್ಲಿ ಶ್ರಾವಣ ಬಂತೆಂದರೆ ಭಜನೆಗೆ ಕುಳಿತುಕೊಳ್ಳದ ಊರಿಲ್ಲ. ಹಗಲೆಲ್ಲ ಎಡೆ ಹೊಡೆದು ಬಂದು, ಕೈಕಾಲು ತೊಳೆದು, ರೊಟ್ಟಿ ಉಂಡು, ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂತವರು ಮೊದಲು ಮಾಡುವ ಕೆಲಸ ಶ್ರುತಿ ಕೂಡಿಸುವುದು. ಪೇಟಿಯವರು ಕಾಳಿ ಎರಡನ್ನು ಒತ್ತಿ ಹಿಡಿಯುತ್ತಾರೆ. ತಬಲಾದವರು ಸಣ್ಣ ಸುತ್ತಿಗೆಯಿಂದ ಗಟ್ಟಿಗಳನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಬಡಿಯುತ್ತ, ಬೆರಳಿನಿಂದ ಅಂಚನ್ನು ಮುಟ್ಟಿ ನೋಡುತ್ತ, ಇನ್ನೂ ಕೂಡಲಿಲ್ಲವೆಂದು ತಲೆಯಾಡಿಸುತ್ತಾರೆ. ದಮ್ಮಡಿಯವರು ಚರ್ಮವನ್ನು ಬೆಂಕಿಯ ಶಾಖಕ್ಕೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಹಾಡು ಆರಂಭವಾಗದು. ಆರಂಭವಾಗಲೆಂದು ಯಾರೂ ಅವಸರ ಪಡಿಸುವುದೂ ಇಲ್ಲ.

ಇನ್ನು ಆ ಮೇಳವು ಹಾಡುವುದೇನು? ಶಿಶುನಾಳದ ಶರೀಫ ಸಾಹೇಬರ ತತ್ವಪದ, ಶರಣರ ವಚನ, ದಾಸರ ಪದ, ಕಂಪನಿ ನಾಟಕದ ಧಾಟಿ, ನಡುವೆ ಸಿನಿಮಾದ ಒಂದು ಮಟ್ಟು. ಭೈರವಿಯಲ್ಲಿ ಹಾಡಿದ ಪದವನ್ನು ಮರುದಿನ ಬೇರೊಬ್ಬರು ಹಂತಿಯ ಧಾಟಿಗೆ ತಿರುಗಿಸಿದರೆ ಅದನ್ನು ಆಕ್ಷೇಪಿಸಿದವರನ್ನು ನಾನು ಕಂಡಿಲ್ಲ. ಪದದ ಅರ್ಥ ಕೆಟ್ಟಿತೋ, ತಾಳ ತಪ್ಪಿತೋ ಎಂಬುದನ್ನು ಮಾತ್ರ ಅವರು ನೋಡುತ್ತಾರೆ. ಪ್ರಕಾರಗಳ ಗಡಿ ದಾಟುವುದು ಮಹಾನಗರದ ಇತ್ತೀಚಿನ ಶೋಧವೆಂದು ತಿಳಿಯುವವರು ಇಂಥ ಕಟ್ಟೆಯ ಮೇಲೆ ಒಂದು ರಾತ್ರಿ ಕುಳಿತು ನೋಡಬೇಕು.

ಅವರ ನಡುವೆ ಇರುವ ಪೇಟಿಯ ಚರಿತ್ರೆಯೇ ಒಂದು ದೊಡ್ಡ ಪ್ರಯಾಣ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ 1842ರಲ್ಲಿ ಹಕ್ಕುಪತ್ರ ಪಡೆದ, ಕಾಲಿನಿಂದ ತುಳಿದು ಗಾಳಿ ತುಂಬುವ ಆ ವಾದ್ಯವು ಪಾದ್ರಿಗಳ ಜತೆ ಭಾರತಕ್ಕೆ ಬಂದಿತು. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ಮಾರ್ಪಡಿಸಿದರು. ಗಮಕಕ್ಕೆ ಒದಗದ ವಾದ್ಯವೆಂಬ ಕಾರಣದಿಂದ ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಅದನ್ನು ಬಾನುಲಿಯಿಂದ ಹೊರಗಿಟ್ಟಿತು. ಹಳ್ಳಿಯ ಭಜನಾ ಮಂಡಳಿಗಳಾದರೋ ಒಂದು ದಿನವೂ ಅದನ್ನು ಕೆಳಗಿಡಲಿಲ್ಲ. ಪಂಡಿತರ ಆಕ್ಷೇಪ ಶಾಸ್ತ್ರತಃ ಸರಿಯಾದುದೇ. ಆದರೆ ವಾದ್ಯದ ಕುಂದನ್ನು ಕಂಠದ ಬಲದಿಂದ ಮುಚ್ಚಿಕೊಳ್ಳುವ ಉಪಾಯವನ್ನು ಜನ ಕಂಡುಕೊಂಡಿದ್ದರು.

ಗದಗ ಸೀಮೆಗೆ ಈ ವಿಷಯದಲ್ಲಿ ಇನ್ನೂ ದೊಡ್ಡ ಸಾಕ್ಷಿಯುಂಟು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿ, ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತಕ್ಕೆ ಬಂದ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿ ಉಭಯ ಗಾನವಿಶಾರದರೆನಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಗುರುವಿನಂತೆಯೇ ಕಣ್ಣು ಕಾಣದವರು. ಎರಡೂ ಪದ್ಧತಿಗಳಲ್ಲಿ ಹಾಡಬಲ್ಲವರು. ಪೇಟಿ, ತಬಲಾ, ಪಿಟೀಲು, ಸಾರಂಗಿ, ಶಹನಾಯಿ ಮೊದಲಾದವುಗಳನ್ನು ನುಡಿಸಬಲ್ಲವರು. ಅದರ ಮೇಲೆ ನಾಟಕಗಳನ್ನು ಬರೆದು ಕಂಪನಿ ನಡೆಸಿ, ಅದರಿಂದ ಬಂದ ಹಣದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಅನಾಥ ಮಕ್ಕಳಿಗೆ ಅನ್ನವಿಕ್ಕಿದವರು. ಒಂದೇ ಸೂರಿನ ಕೆಳಗೆ ಖಯಾಲು, ಕೃತಿ, ವಚನ, ರಂಗಗೀತೆಗಳು ಒಂದನ್ನೊಂದು ಕೆಡಿಸದೆ ಬಾಳಿದುದಕ್ಕೆ ಆ ಆಶ್ರಮವೇ ಸಾಕ್ಷಿ. ಅಲ್ಲಿ ಎರಡು ಪದ್ಧತಿಗಳು ಕಲಸಿಹೋಗಲಿಲ್ಲ ಎಂಬುದು ಗಮನಾರ್ಹವಾದ ಅಂಶ. ಒಂದನ್ನು ಒಂದಾಗಿ, ಇನ್ನೊಂದನ್ನು ಇನ್ನೊಂದಾಗಿ, ಎರಡನ್ನೂ ಪೂರ್ತಿಯಾಗಿ ಕಲಿತುಕೊಂಡ ಮೇಲೆ ಒಂದರ ಸುಗಂಧ ಇನ್ನೊಂದಕ್ಕೆ ತಾನಾಗಿ ಬಂದಿತು. ರೋಣದವರು ತಮ್ಮವರೆಂದು ಅಭಿಮಾನದಿಂದ ಹೇಳಿಕೊಳ್ಳುವ ಭೀಮಸೇನ ಜೋಶಿಯವರು (1922–2011) ಬಾಲಮುರಳಿಕೃಷ್ಣರ ಜತೆ ಜುಗಲಬಂದಿಗೆ ಕುಳಿತಾಗ ಕಂಡದ್ದೂ ಇದೇ: ಇಬ್ಬರೂ ತಮ್ಮ ತಮ್ಮ ಮಾರ್ಗದಿಂದ ಕದಲಲಿಲ್ಲ, ರಾಗವೊಂದೇ ಇಬ್ಬರಿಗೂ ಸಮಾನವಾದ ಭೂಮಿಯಾಯಿತು.

ಉತ್ತರದಲ್ಲಿ ಆಶ್ರಮ ಮಾಡಿದ ಕೆಲಸವನ್ನು ದಕ್ಷಿಣದಲ್ಲಿ ಬೇರೆ ರೀತಿಯಿಂದ ಮಾಡಿದ್ದು ಮೈಸೂರಿನ ಅರಮನೆ. ಅಲ್ಲಿ ಕರ್ನಾಟಕ ಪದ್ಧತಿಯ ಬ್ಯಾಂಡೂ ಪಾಶ್ಚಾತ್ಯ ವಾದ್ಯವೃಂದವೂ ಜತೆಜತೆಯಾಗಿ ಸಾಕಲ್ಪಟ್ಟವು. ಕಡೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಕಲಿತು ಲಂಡನ್ನಿನ ಸಂಗೀತ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರು. ರಷ್ಯದ ರಚನಕಾರ ಮೆಡ್ಟ್‌ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಅನಾದರಕ್ಕೆ ಗುರಿಯಾಗಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣವಿತ್ತವರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊಟ್ಟಮೊದಲು ಹಾಡಲ್ಪಟ್ಟದ್ದೂ ಅವರ ದ್ರವ್ಯಸಹಾಯದಿಂದ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಆ ಕೃತಿಗಳಲ್ಲಿ ಪಿಯಾನೋದ ನೆರಳನ್ನು ಹುಡುಕಿದರೆ ಸಿಕ್ಕದು. ಎರಡೂ ಕಡೆ ಅವರು ಆಯಾ ಧರ್ಮಕ್ಕೆ ನಿಷ್ಠರಾಗಿದ್ದರು.

ಈ ಅರಮನೆಯ ಬ್ಯಾಂಡಿನಿಂದಲೇ ಒಂದು ವಿಸ್ಮಯಕರವಾದ ಕಥೆ ಹೊರಡುತ್ತದೆ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ 1949ರಲ್ಲಿ ಹುಟ್ಟಿದ ಗೋಪಾಲನಾಥ ಎಂಬ ಹುಡುಗ ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ಸ್ಯಾಕ್ಸೋಫೋನ್ ನುಡಿಸುವುದನ್ನು ಕೇಳಿ, ಕಲಿತರೆ ಇದನ್ನೇ ಕಲಿಯಬೇಕೆಂದು ನಿಶ್ಚಯಿಸಿದನು. ಬೆಲ್ಜಿಯಮ್ಮಿನಲ್ಲಿ ಹುಟ್ಟಿ, ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದು, ಅಮೆರಿಕದ ಜಾಜ್‌ನಲ್ಲಿ ಪ್ರೌಢವಾದ ಆ ಹಿತ್ತಾಳೆಯ ವಾದ್ಯವು ಸ್ವರದಿಂದ ಸ್ವರಕ್ಕೆ ಮೆಟ್ಟಿಲಿಳಿಯುವಂತೆ ಕೀಲಿಗಳ ಮೇಲೆ ಕಟ್ಟಿದ್ದು. ತೋಡಿಯ ಗಾಂಧಾರದ ಆಂದೋಲನವನ್ನು ಅದರಿಂದ ಹೊರಡಿಸುವುದೆಂದರೆ ವಾದ್ಯದ ಹುಟ್ಟುಗುಣದೊಡನೆ ಸೆಣಸಿದಂತೆ. ಕದ್ರಿ ಗೋಪಾಲನಾಥರು ತುಟಿ, ಉಸಿರು, ಬೆರಳುಗಳ ಸಾಧನೆಯಿಂದಲೂ, ವಾದ್ಯದಲ್ಲಿ ತಮಗೆ ಬೇಕಾದಂತೆ ಮಾಡಿಕೊಂಡ ಮಾರ್ಪಾಡುಗಳಿಂದಲೂ, ಹತ್ತಿಪ್ಪತ್ತು ವರ್ಷಗಳ ತಾಳ್ಮೆಯಿಂದ ಅದನ್ನು ಸಾಧಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವಕ್ಕೆ ಅವರನ್ನು ಕರೆದಾಗ, ಪಡುವಣದ ವಾದ್ಯವು ಕರ್ನಾಟಕದ ಹಾಡನ್ನು ಹೊತ್ತುಕೊಂಡು ಪಡುವಣಕ್ಕೆ ಹಿಂದಿರುಗಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಭಾರತದಿಂದ ಅಮೆರಿಕೆಗೆ ಹೋಗಿ ನೆಲೆಸಿದ ಭೌತವಿಜ್ಞಾನಿಯೊಬ್ಬರ ಮಗ, 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಕೊಲರಾಡೊ ಪ್ರಾಂತದ ಬೌಲ್ಡರ್ ಪಟ್ಟಣದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಜ್ ಸ್ಯಾಕ್ಸೋಫೋನನ್ನು ಕಲಿಯುತ್ತಿದ್ದ ತರುಣ. ನಮ್ಮ ಕಡೆ ಓಣಿಗೊಬ್ಬರಾದರೂ ಇರುವ ಹೆಸರು ಅವರದು. ಆದರೆ ಅವರ ಕಿವಿ ಬೆಳೆದದ್ದು ಜಾಜ್ ವಾದಕ ಚಾರ್ಲಿ ಪಾರ್ಕರನ ಸಂಗೀತದಲ್ಲಿ. ಅಣ್ಣನೊಬ್ಬ ತಮಾಷೆಗೆಂದು ತಂದುಕೊಟ್ಟ ಕದ್ರಿಯವರ ಧ್ವನಿಮುದ್ರಿಕೆಯನ್ನು ಕೇಳಿದಾಗ ಆ ತರುಣನಿಗೆ ತನ್ನ ವಾದ್ಯದಿಂದ ತನ್ನ ಪೂರ್ವಜರ ನಾಡು ಮಾತನಾಡುವುದು ಕೇಳಿಸಿತು. ಕಾಲಾಂತರದಲ್ಲಿ ಇಬ್ಬರೂ ಕೂಡಿದರು. 2008ರಲ್ಲಿ ಪ್ರಕಟವಾದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯು ಆ ಸಮಾಗಮದ ಫಲ. ದಕ್ಷಿಣ ಎನ್‌ಸೆಂಬಲ್ ಎಂದು ಕರೆದುಕೊಂಡ ಆ ಮೇಳದಲ್ಲಿ ಏಳು ಜನ: ಎರಡು ಆಲ್ಟೊ ಸ್ಯಾಕ್ಸೋಫೋನು, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು, ಕಾರ್ಲೊ ಡಿ ರೋಸಾ ಅವರ ಬಾಸು, ರಾಯಲ್ ಹಾರ್ಟಿಗನ್ ಅವರ ಡ್ರಮ್ಮು. ಒಂದೇ ಜಾತಿಯ ವಾದ್ಯ ಎರಡು ಬಾಯಿಗಳಲ್ಲಿ ಎರಡು ಭಾಷೆಯಾಗುವುದನ್ನು ಅಲ್ಲಿ ಕೇಳಬೇಕು. ಕದ್ರಿಯವರದು ಸ್ವರವನ್ನು ಸವರಿ, ಬಳಸಿ, ಮತ್ತೆ ಅಲ್ಲಿಗೇ ಬಂದು ನೆಲೆಸುವ ಕ್ರಮ. ಮಹಾಂತಪ್ಪನವರದು ಮೊನಚಾಗಿ, ಒತ್ತೊತ್ತಾಗಿ, ದಿಕ್ಕು ಬದಲಿಸುತ್ತ ಮುನ್ನುಗ್ಗುವ ಕ್ರಮ. ಒಬ್ಬರು ಇನ್ನೊಬ್ಬರನ್ನು ಅನುಕರಿಸಲು ಹೋಗುವುದಿಲ್ಲ. ಒಬ್ಬರು ಬಿಟ್ಟ ಎಡೆಯಲ್ಲಿ ಇನ್ನೊಬ್ಬರು ಮಾತು ಎತ್ತಿಕೊಳ್ಳುತ್ತಾರೆ.

ಇಂಥ ಕೂಟಗಳು ಹೇಗೆ ಸಾಧ್ಯವಾಗುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ತೊಡಕು ಶ್ರುತಿಯದು. ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಕಡಿದಿದ್ದಾರೆ. ತಂಬೂರಿಯನ್ನು ಮೀಟಿ ಅದರ ನಾದದೊಳಗಿನಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕೆ ಕಿವಿಗೊಟ್ಟರೆ ಅದು ಪಿಯಾನೋದ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ತಗ್ಗಿನಲ್ಲಿ ಇರುತ್ತದೆ. ಪಂಚಮದಲ್ಲಿ ವ್ಯತ್ಯಾಸ ಇದ್ದೂ ಇಲ್ಲದಷ್ಟು. ಗಾಂಧಾರದಲ್ಲಿ ಮಾತ್ರ ಬಲ್ಲವರ ಕಿವಿಗೆ ಮುಳ್ಳಿನಂತೆ ತಾಗುವಷ್ಟು. ಕಂಠಕ್ಕೂ ಪಿಟೀಲಿಗೂ ಊದುವ ವಾದ್ಯಕ್ಕೂ ಬಾಗುವ ಶಕ್ತಿಯಿರುವುದರಿಂದ ಅವು ಒಂದರ ಹತ್ತಿರ ಒಂದು ಸರಿದು ಆ ಅಂತರವನ್ನು ತುಂಬಿಕೊಳ್ಳಬಲ್ಲವು. ಕೀಲಿಮಣೆಯ ವಾದ್ಯಕ್ಕೆ ಆ ಸ್ವಾತಂತ್ರ್ಯವಿಲ್ಲ. ‘ಜ್ಯೋತಿ’ಯ ಐವರಲ್ಲಿ ಪಿಯಾನೋದವರಿಲ್ಲ, ಗಿಟಾರಿನವರಿಲ್ಲ, ಕಂಠ, ತಂಬೂರಿ, ಊದುವ ವಾದ್ಯ, ಲಯವಾದ್ಯ ಇಷ್ಟೇ. ಆ ಸಂಗೀತಕ್ಕೆ ಇಂದಿಗೂ ಮಾಸದ ನಿರ್ಮಲತೆ ಬಂದದ್ದು ಬಹುಮಟ್ಟಿಗೆ ಈ ಸಂಯಮದಿಂದ ಎಂದು ನನ್ನ ನಂಬಿಕೆ.

ಲಯದ ವಿಷಯದಲ್ಲಿ ನಮ್ಮವರಿಗೆ ಕೊಡುವುದಕ್ಕೆ ಹೆಚ್ಚು ಇದೆ. ಕೊನ್ನಕೋಲಿನ ಪಾಠವೆಂದರೆ ಬಾಯಿಯಿಂದ ಹೇಳುವ ಗಣಿತ. ತಕಿಟ ಎಂದರೆ ಮೂರು, ತಕದಿಮಿ ಎಂದರೆ ನಾಲ್ಕು, ತಕತಕಿಟ ಎಂದರೆ ಐದು, ತಕಿಟತಕದಿಮಿ ಎಂದರೆ ಏಳು. ಆದಿತಾಳದ ಒಂದು ಆವರ್ತದಲ್ಲಿ, ಒಂದೊಂದು ಪೆಟ್ಟಿಗೆ ನಾಲ್ಕರಂತೆ, 32 ಮಾತ್ರೆಗಳು. ಐದು ಮಾತ್ರೆಯ ಪದವೊಂದನ್ನು ಮೂರು ಸಲ ಹೇಳಿ, ನಡುನಡುವೆ ಎರಡೆರಡು ಮಾತ್ರೆ ಬಿಡುವು ಕೊಟ್ಟರೆ 19 ಆಗುತ್ತದೆ. ಆದುದರಿಂದ 13 ಮಾತ್ರೆ ಕಳೆದ ಮೇಲೆ ಆರಂಭಿಸಿದವನು ಸರಿಯಾಗಿ ಸಮಕ್ಕೆ ಬಂದು ಇಳಿಯುತ್ತಾನೆ. ಹಿಂದುಸ್ತಾನಿಯ ತಿಹಾಯಿಯೂ ಇದೇ ತತ್ವದ್ದು. ಈ ಲೆಕ್ಕವನ್ನು ಬೆರಳಲ್ಲಿ ಎಣಿಸದೆ ಮೈಯಲ್ಲಿ ಅರಗಿಸಿಕೊಂಡವರ ನಡುವೆ ಜಾಜ್ ವಾದಕನು ಕುಳಿತಾಗ, ಎಲ್ಲರೂ ಬೇರೆ ಬೇರೆ ದಾರಿ ಹಿಡಿದು ಹೋಗಿ ಒಂದೇ ಗಳಿಗೆಗೆ ಸಮದಲ್ಲಿ ಕೂಡುವುದರಿಂದ ಆಗುವ ಆನಂದವು ಭಾಷೆ ಬಾರದ ಶ್ರೋತೃವಿಗೂ ತಲುಪುತ್ತದೆ. ಮಣಿ ದಂಪತಿಗಳ ಬಳಿ ಕಲಿಯಲು ಪರದೇಶಗಳಿಂದ ವಿದ್ಯಾರ್ಥಿಗಳು ಬಂದದ್ದು ಈ ವಿದ್ಯೆಗಾಗಿಯೇ. ಮಣಿಯವರು 2020ರಲ್ಲಿ ತೀರಿಕೊಂಡರು; ಅವರು ಕಲಿಸಿದ್ದು ಇಂದು ಅನೇಕ ದೇಶಗಳ ಮೇಳಗಳಲ್ಲಿ ನುಡಿಯುತ್ತಿದೆ.

ಎಲ್ಲಕ್ಕಿಂತ ಕಠಿಣವಾದುದು ಸ್ವರಸಮೂಹಗಳ (ಕಾರ್ಡ್‌ಗಳ) ಪ್ರಶ್ನೆ. ಪಾಶ್ಚಾತ್ಯ ಸಂಗೀತದಲ್ಲಿ ಕೆಳಗಿನ ನೆಲವೇ ಚಲಿಸುತ್ತದೆ. ನಮ್ಮ ಷಡ್ಜವಾದರೋ ಆದಿಯಿಂದ ಅಂತ್ಯದವರೆಗೆ ಅಚಲ. ರಾಗದ ಕೆಳಗೆ ಕ್ಷಣಕ್ಷಣಕ್ಕೂ ಬದಲಾಗುವ ಸ್ವರಸಮೂಹವನ್ನು ಹಾಸಿದರೆ ರಾಗವು ತನ್ನ ಷಡ್ಜವನ್ನೇ ಕಳೆದುಕೊಂಡು ಬರಿಯ ಮಟ್ಟಾಗಿ ಉಳಿಯುತ್ತದೆ. ಇಂದು ಫ್ಯೂಷನ್ ಎಂಬ ಹೆಸರಿನಲ್ಲಿ ಮದುವೆಯ ಆರತಕ್ಷತೆಗಳಿಂದ ಹಿಡಿದು ದೊಡ್ಡ ಉತ್ಸವಗಳವರೆಗೆ ನಡೆಯುವ ಅನೇಕ ಕಚೇರಿಗಳಲ್ಲಿ ಆಗುತ್ತಿರುವುದು ಇದೇ ಎಂದು ಹೇಳಲು ನನಗೆ ಸಂಕೋಚವಿಲ್ಲ. ಹಂಸಧ್ವನಿಯ ಒಂದು ಪರಿಚಿತ ಕೃತಿ, ಕೆಳಗೆ ಕೀಬೋರ್ಡಿನ ಮಂಜು, ಹಿಂದೆ ಎದೆ ಅದುರಿಸುವ ಡ್ರಮ್ಮು, ಕಡೆಯಲ್ಲಿ ಯಾರು ಹೆಚ್ಚು ವೇಗ ಎಂಬ ಪಂದ್ಯ. ಅದರಲ್ಲಿ ಶ್ರಮವಿರಬಹುದು, ಕೌಶಲವೂ ಇರಬಹುದು. ಪರಸ್ಪರ ಆಲಿಸುವಿಕೆ ಇಲ್ಲ. ಆಲಿಸುವುದಕ್ಕೆ ಅಲ್ಲಿ ಅವಕಾಶವನ್ನೇ ಇಟ್ಟಿಲ್ಲ.

ನಮ್ಮ ಎರೆಹೊಲದ ಒಕ್ಕಲಿಗ ಜೋಳದ ನಡುವೆ ಕುಸುಬಿಯ ಅಕ್ಕಡಿ ಸಾಲು ಬಿಡುತ್ತಾನೆ. ಎರಡರ ಬೀಜವನ್ನೂ ಒಂದೇ ಮುಷ್ಟಿಯಲ್ಲಿ ಕಲಸಿ ಎರಚುವುದಿಲ್ಲ. ಸಾಲು ಬೇರೆ, ಬೇರಿನ ಆಳ ಬೇರೆ, ಹೊಲ ಮಾತ್ರ ಒಂದು. ಸಂಗೀತದ ಕೂಟಕ್ಕೂ ನಾನು ಬಯಸುವ ಶಿಸ್ತು ಇದೇ. ತನ್ನ ಸಾಲಿನಲ್ಲಿ ಆಳಕ್ಕೆ ಬೇರಿಳಿಸದವನು ಇನ್ನೊಬ್ಬನ ಸಾಲಿಗೆ ನೆರಳಾಗಲಾರ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕಿರಾಣಾ ಘರಾಣೆಯ ಎರಡು ಮಹಾಸ್ತಂಭಗಳಲ್ಲಿ ಒಬ್ಬರಾದ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಬಂದು ಹೋಗುತ್ತಿದ್ದಾಗ ಕರ್ನಾಟಕ ಸಂಗೀತಕ್ಕೆ ಮನಸೋತು ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಸಿದವರು. ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಅವರ ವಿದ್ಯೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಗೆ ಇಳಿದುಬಂದದ್ದು ನಮಗೆಲ್ಲ ತಿಳಿದದ್ದೇ. ಇನ್ನೊಂದು ಸ್ತಂಭವಾದ ಅಬ್ದುಲ್ ವಹೀದ್ ಖಾನರ ಶಿಷ್ಯ ಪ್ರಾಣನಾಥರು ಅಮೆರಿಕೆಗೆ ಹೋಗಿ ನೆಲೆಸಿದರು. ಕ್ಯಾಲಿಫೋರ್ನಿಯದ ರಚನಕಾರ ಟೆರಿ ರೈಲಿ 1970ರಿಂದ ಅವರ ಬಳಿ ಶಿಷ್ಯವೃತ್ತಿ ಮಾಡಿ, ತಂಬೂರಿ ಹಿಡಿದು ಕುಳಿತು ಕಲಿತನು. ಡೇವಿಡ್ ಹ್ಯಾರಿಂಗ್ಟನ್ 1973ರಲ್ಲಿ ಕಟ್ಟಿದ ಕ್ರೋನೋಸ್ ಕ್ವಾರ್ಟೆಟ್ ಎಂಬ ಚತುರ್ವಾದ್ಯ ಮೇಳವು, ಈ ಕಾಲದ ಕಿರುಮೇಳಗಳಲ್ಲಿ ಗಡಿಗಳನ್ನು ಅತ್ಯಂತ ಧೈರ್ಯದಿಂದ ದಾಟಿದ್ದು, ರೈಲಿಯ ಅನೇಕ ರಚನೆಗಳನ್ನು ನುಡಿಸಿತು. 2005ರಲ್ಲಿ ಆಶಾ ಭೋಸಲೆಯವರನ್ನು ಜತೆಗೆ ಕರೆದುಕೊಂಡು ರಾಹುಲದೇವ ಬರ್ಮನ್ನರ ಚಿತ್ರಗೀತೆಗಳನ್ನೂ ಧ್ವನಿಮುದ್ರಿಸಿತು. ಕುಂದಗೋಳದ ವಾಡೆಯಲ್ಲಿ ಒಂದೊಂದೇ ಸ್ವರವನ್ನು ಬಿಡಿಸಿ ಹಾಡುತ್ತಿದ್ದ ಬಢತಿಯ ಒಡಹುಟ್ಟು ಸ್ಯಾನ್ ಫ್ರಾನ್ಸಿಸ್ಕೋದ ನಾಲ್ಕು ತಂತಿವಾದ್ಯಗಳಿಗೂ ಹೀಗೆ ತಲುಪಿದೆ. ಆ ಸಂಗೀತ ಕೇಳಿದಾಗ ರೋಣದ ಕಡೆಯ ಕಿವಿಗೆ ಏನೋ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ನಂಟು ನಿಜವಾಗಿಯೂ ಇದೆ.

ಆದರೆ ಆ ಕಿವಿಗೆ ಇಂಥ ಸಂಗೀತ ಬೀಳುವುದು ಎಲ್ಲಿ? ‘ಜ್ಯೋತಿ’ಯಂಥ ಮೇಳಗಳು ಹುಟ್ಟಿದ್ದು ನಮ್ಮ ರಾಜಧಾನಿಯಲ್ಲಿ, ಅವುಗಳ ಕಚೇರಿಗಳು ನಡೆದದ್ದು ಹೆಚ್ಚಾಗಿ ಬರ್ಲಿನ್, ಕೊಲೋನ್‌ಗಳಂಥ ನಗರಗಳ ಸಭಾಂಗಣಗಳಲ್ಲಿ. ಬೆಂಗಳೂರಿನಲ್ಲಿ ನಡೆದರೆ ಅದು ದುಬಾರಿ ಚೀಟಿಯ ಸಂಜೆ. ಗದಗ, ಧಾರವಾಡಗಳಿಗೆ ಬರುವುದೇ ಅಪರೂಪ; ಮೆಣಸಗಿಯಂಥ ಊರಿನ ಹೆಸರು ಅವರ ಯಾದಿಯಲ್ಲಿ ಇರುವುದೇ ಇಲ್ಲ. ಹಳ್ಳಿಯವರಿಗೆ ಜಾನಪದ ಸಾಕು, ಹೊಸ ಪ್ರಯೋಗ ಪಟ್ಟಣದವರಿಗೆ ಎಂಬ ವಿಭಜನೆಯನ್ನು ಯಾರು ಮಾಡಿದರೋ, ಅವರು ನಮ್ಮ ಕಟ್ಟೆಯ ಶ್ರೋತೃಗಳನ್ನು ಬಲ್ಲವರಲ್ಲ. ಬೆಳಗಾಗುವವರೆಗೆ ಕುಳಿತು, ಸಮ ತಪ್ಪಿದರೆ ಹಿಂದಿನ ಸಾಲಿನಿಂದಲೇ ಗದರುವ ಜನಕ್ಕೆ ಸ್ಯಾಕ್ಸೋಫೋನು ಹೊಸದಿರಬಹುದು, ಸಂಗೀತ ಹೊಸದಲ್ಲ.

ಆದುದರಿಂದ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯವರಲ್ಲಿ, ಗದಗ ಜಿಲ್ಲೆಯ ಸಂಗೀತ ಸಭೆಗಳವರಲ್ಲಿ, ಅದಕ್ಕಿಂತ ಮೊದಲು ಇಂಥ ಮೇಳಗಳನ್ನು ಕಟ್ಟಿಕೊಂಡಿರುವ ತರುಣರಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೆ ಒಂದಾದರೂ ಕಚೇರಿಯನ್ನು ಹೊಳೆಸಾಲಿನ ಊರುಗಳಲ್ಲಿ ಇಟ್ಟುಕೊಳ್ಳಿ. ಗೋಡೆಯೆತ್ತರದ ಧ್ವನಿವರ್ಧಕಗಳನ್ನು ತರಬೇಡಿ. ಐವರು ಕಲಾವಿದರಿಗೆ, ಇನ್ನೂರು ಜನ ಕೇಳುಗರಿಗೆ ಗುಡಿಯ ಪೌಳಿ ಸಾಕು. ಮೊದಲ ಅರ್ಧ ಗಂಟೆ ಊರಿನ ಭಜನಾ ಮಂಡಳಿಯವರು ಹಾಡಲಿ, ನೀವು ಅದೇ ಜಮಖಾನೆಯ ಮೇಲೆ ಕುಳಿತು ಕೇಳಿರಿ. ಆಮೇಲೆ ನೀವು ನುಡಿಸಿರಿ, ಅವರು ಕೇಳಲಿ. ಮನಸ್ಸು ಕೂಡಿದರೆ ಕಡೆಯ ಪದವನ್ನು ಎಲ್ಲರೂ ಸೇರಿ ಹಾಡಬಹುದು, ಕೂಡದಿದ್ದರೆ ಒತ್ತಾಯವೇನೂ ಇಲ್ಲ. ಪುಣ್ಯಾಶ್ರಮದ ಹಾಡುವ ವಿದ್ಯಾರ್ಥಿಗಳನ್ನು ಕರೆಯಿರಿ. ಹೊಳೆಆಲೂರಿನ ಅಂಧ ಮಕ್ಕಳ ಶಾಲೆಯವರಿಗೆ ಮುಂದಿನ ಸಾಲನ್ನು ಬಿಟ್ಟುಕೊಡಿ. ಪಂಚಾಕ್ಷರಿ, ಪುಟ್ಟರಾಜರ ಸೀಮೆಯಲ್ಲಿ ಆ ಸಾಲಿಗೆ ಅವರಿಗಿಂತ ಅರ್ಹರಿಲ್ಲ. ಗದಗಿನಿಂದ ಬಾದಾಮಿಯ ಕಡೆಗೆ ಹೋಗುವ ರೈಲು ಹೊಳೆಆಲೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೆಣಸಗಿಗೆ ವಾದ್ಯಗಳನ್ನು ಜೋಪಾನವಾಗಿ ತರುವುದು, ಬಂದವರಿಗೆ ರೊಟ್ಟಿ ಪಲ್ಯ ಬಡಿಸುವುದು ಊರವರ ಕೆಲಸ. ಅದನ್ನು ಅವರು ಸಂತೋಷದಿಂದ ಮಾಡುತ್ತಾರೆ.